ಸಿಡಿಲು ಸುಟ್ಟ ಮಾನಿಟರ್, ಎರಡು ಪ್ರಿಂಟರ್, ನಾಲ್ಕು ಕನ್ನಡ ಕಮಾಂಡ್

ಮೇ ತಿಂಗಳ ಕೊನೆ. ಉಡುಪಿಯಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಸಂಜೆಯಾದರೆ ಗುಡುಗು, ಸಿಡಿಲು ಮಾತ್ರ ಜೋರು. ಅಂಥ ಒಂದು ಸಿಡಿಲಿಗೆ ಕುಂಜಿಬೆಟ್ಟಿನಲ್ಲಿರುವ ಚಿಕ್ಕಮ್ಮನ ಜೆರಾಕ್ಸ್ ಅಂಗಡಿಯ ಮಾನಿಟರ್ ಸುಟ್ಟು ಹೋಯಿತು. ಕಂಪ್ಯೂಟರ್ ಪೆಟ್ಟಿಗೆ ಉಳಿಯಿತು. ಎರಡು ಪ್ರಿಂಟರ್‌ಗಳೂ ಉಳಿದವು. ಆದರೆ ಲೇಸರ್‌ನಿಂದ ಒಂದು ಹಾಳೆಯೂ ಹೊರಗೆ ಬರುತ್ತಿರಲಿಲ್ಲ.

"ಆಫ್ ಮಾಡಿ ಆನ್ ಮಾಡಿದೆ ಮಗಾ, ನಾಲ್ಕು ಸಲ. ಹಸಿರು ಲೈಟ್ ಉಂಟು, ಕಾಗದ ಉಂಟು. ಪ್ರಿಂಟ್ ಬರುದೇ ಇಲ್ಲ. ಪ್ರಿಂಟರ್ ಹೋಯ್ತು ಅಂತ ಕಾಣ್ತದೆ" ಎಂದು ಚಿಕ್ಕಮ್ಮ ಫೋನ್ ಮಾಡಿದರು. ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಸಮಯ. ಅಂಗಡಿಗೆ ಅದೇ ಸೀಸನ್.

ಅಲ್ಲಿರುವ ಸಾಮಾನು ಇಷ್ಟೇ. 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಹೋದ ವರ್ಷ ನಾನೇ ಹಾಕಿಕೊಟ್ಟ ಡೆಬಿಯನ್ ಲಿನಕ್ಸ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್). ಯುಎಸ್‌ಬಿ ವೈರ್‌ನಲ್ಲಿ ಒಂದು ಕಪ್ಪು-ಬಿಳುಪು ಲೇಸರ್. ವೈಫೈಯಲ್ಲಿ ಒಂದು ಇಂಕ್ ಟ್ಯಾಂಕ್ ಕಲರ್ ಪ್ರಿಂಟರ್. ಗಿರಾಕಿಗಳ ಫೈಲ್ ಇಳಿಸಿಕೊಳ್ಳಲು ಒಂದು ಲ್ಯಾಪ್‌ಟಾಪ್. ಲ್ಯಾಪ್‌ಟಾಪ್‌ನಿಂದ ಕಳಿಸಿದ್ದೂ ಈ ಹಳೆಯ ಪೆಟ್ಟಿಗೆಯ ಮೂಲಕವೇ ಪ್ರಿಂಟರ್‌ಗೆ ಹೋಗುತ್ತದೆ.

ಹೊಸ ಮಾನಿಟರ್ ತರಬಹುದಿತ್ತು. ಆದರೆ ಕೌಂಟರ್ ಮೇಲೆ ಮೊದಲೇ ಜಾಗ ಇಲ್ಲ. ಆ ಪೆಟ್ಟಿಗೆ ಮಾಡುವ ಕೆಲಸ ಪ್ರಿಂಟ್ ಕಳಿಸುವುದು ಮಾತ್ರ, ಅದಕ್ಕೆ ಪರದೆ ಯಾಕೆ? ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗಿ ಎಲ್ಲವನ್ನೂ ಕಮಾಂಡ್ ಲೈನ್‌ನಲ್ಲೇ ಮಾಡೋಣ ಎಂದುಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. ದೊಡ್ಡಕ್ಷರ ಎಂದು ಹೇಳದ ಕಡೆಯೆಲ್ಲ ಸಣ್ಣಕ್ಷರ.

ಮೊದಲ ಸಂಜೆ

ಒಳಗೆ ಹೋದ ಕೂಡಲೇ ಹೊಡೆದದ್ದು ಇದು:

ಎಲ್‌ಪಿಸ್ಟ್ಯಾಟ್ -ಟಿ

ಪ್ರಿಂಟರ್ ತಕರಾರು ಏನೇ ಇರಲಿ, ನಾನು ಮೊದಲು ಇದನ್ನೇ ಕೇಳುತ್ತೇನೆ. ಇರುವ ಎಲ್ಲ ಪ್ರಿಂಟರ್, ಅವುಗಳ ಸ್ಥಿತಿ, ಸಾಲಿನಲ್ಲಿ ಕಾಯುತ್ತಿರುವ ಕೆಲಸ, ಎಲ್ಲ ಒಟ್ಟಿಗೆ ಕಾಣುತ್ತದೆ. ಲೇಸರ್‌ನ ಹೆಸರಿನ ಮುಂದೆ 'ಡಿಸೇಬಲ್ಡ್ ಸಿನ್ಸ್' ಎಂದಿತ್ತು. ಮುಂದಿದ್ದ ಸಮಯ ನೋಡಿದರೆ ಸರಿಯಾಗಿ ಸಿಡಿಲು ಬಡಿದ ಸಂಜೆ. ಕೆಳಗೆ 17 ಕೆಲಸಗಳು ಸಾಲಾಗಿ ಕೂತಿದ್ದವು.

ಅಂದರೆ ಪ್ರಿಂಟರ್‌ಗೆ ಏನೂ ಆಗಿರಲಿಲ್ಲ. ನಿಂತದ್ದು ಸಾಲು.

ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್. ಮೈಕೆಲ್ ಸ್ವೀಟ್ ಬರೆದದ್ದು, 1999ರಲ್ಲಿ ಹೊರಗೆ ಬಂದದ್ದು. 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. ಮ್ಯಾಕ್‌ನಲ್ಲೂ ಇದೇ ಇರುವುದರಿಂದ ಈ ಕಮಾಂಡ್‌ಗಳಲ್ಲಿ ಹೆಚ್ಚಿನವು ಅಲ್ಲೂ ನಡೆಯುತ್ತವೆ. ಕಪ್ಸ್ ಪ್ರತಿ ಪ್ರಿಂಟರ್‌ಗೆ ಒಂದು ಸಾಲು ಇಟ್ಟುಕೊಳ್ಳುತ್ತದೆ. ಅರ್ಧದಲ್ಲಿ ಕರೆಂಟ್ ಹೋಗಿ ಒಂದು ಕೆಲಸ ಕೆಟ್ಟಿತು ಎಂದಿಟ್ಟುಕೊಳ್ಳಿ. ಮುಂದೇನು ಮಾಡಬೇಕು ಎನ್ನುವುದಕ್ಕೆ ಒಂದು ನಿಯಮ ಇರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಅದು 'ಸ್ಟಾಪ್-ಪ್ರಿಂಟರ್' ಎಂದಿತ್ತು. ಒಂದು ಕೆಲಸ ಕೆಟ್ಟರೆ ಇಡೀ ಸಾಲು ಬಂದ್. ಆ ಬಂದ್ ಆದ ಸ್ಥಿತಿಯನ್ನು ಕಪ್ಸ್ ತನ್ನ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ಪ್ರಿಂಟರ್ ಆಫ್-ಆನ್ ಮಾಡಿದರೂ ಅಷ್ಟೇ, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಯಾರಾದರೂ ಬಂದು 'ಇನ್ನು ಶುರು ಮಾಡು' ಎನ್ನುವವರೆಗೆ ಅದು ಕದಲುವುದಿಲ್ಲ.

ಇಲ್ಲಿ ಎರಡು ಹಂತ ಇವೆ, ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಕೃಷ್ಣಮಠದಲ್ಲಿ ಮಧ್ಯಾಹ್ನದ ಊಟಕ್ಕೆ ಹೋಗಿದ್ದೀರಲ್ಲ? ಹಾಲ್‌ಗೆ ಜನರನ್ನು ಬಿಡುವುದು ಒಂದು ಕೆಲಸ. ಕೂತವರಿಗೆ ಬಡಿಸುವುದು ಇನ್ನೊಂದು. ಬಾಗಿಲು ತೆರೆದೇ ಇದ್ದು ಬಡಿಸುವುದು ನಿಂತರೆ ಜನ ಬಂದು ಕೂರುತ್ತಲೇ ಇರುತ್ತಾರೆ, ಎಲೆ ಖಾಲಿ. ಕಪ್ಸ್‌ನಲ್ಲಿ ಬಾಗಿಲು ತೆರೆಯಲು ಕಪ್ಸ್‌ಆಕ್ಸೆಪ್ಟ್, ಮುಚ್ಚಲು ಕಪ್ಸ್‌ರಿಜೆಕ್ಟ್. ಬಡಿಸಲು ಕಪ್ಸ್‌ಎನೇಬಲ್, ನಿಲ್ಲಿಸಲು ಕಪ್ಸ್‌ಡಿಸೇಬಲ್. ಚಿಕ್ಕಮ್ಮನ ಅಂಗಡಿಯಲ್ಲಿ ಬಾಗಿಲು ತೆರೆದಿತ್ತು, ಬಡಿಸುವುದು ನಿಂತಿತ್ತು. ಹಾಳೆ ಬರಲಿಲ್ಲ ಎಂದು ಮಕ್ಕಳು ಮತ್ತೆ ಮತ್ತೆ ಪ್ರಿಂಟ್ ಒತ್ತಿದರು. ಹಾಗೆ ಆದವು 17.

ನಾನು ಕಪ್ಸ್‌ಎನೇಬಲ್ ಎಂದು ಬರೆದು ಲೇಸರ್‌ನ ಹೆಸರು ಹೊಡೆದೆ. 'ಕಮಾಂಡ್ ನಾಟ್ ಫೌಂಡ್' ಎಂದಿತು. ಡೆಬಿಯನ್‌ನಲ್ಲಿ ಇದು ಸಾಮಾನ್ಯ. ಪ್ರಿಂಟರ್ ಆಡಳಿತದ ಕಮಾಂಡ್‌ಗಳು 'ಎಸ್‌ಬಿನ್' ಎಂಬ ಫೋಲ್ಡರ್‌ನಲ್ಲಿ ಇರುತ್ತವೆ, ಸಾದಾ ಬಳಕೆದಾರರಿಗೆ ಕಮಾಂಡ್ ಹುಡುಕುವ ದಾರಿಯಲ್ಲಿ ಆ ಫೋಲ್ಡರ್ ಸೇರಿರುವುದಿಲ್ಲ. ಕಮಾಂಡ್‌ನ ಮೊದಲಿಗೆ ಸುಡೊ (ಆಡಳಿತಗಾರರ ಅಧಿಕಾರದಿಂದ ಓಡಿಸು ಎಂಬ ಪದ) ಹಾಕಿದರೆ ಸರಿ ಹೋಗುತ್ತದೆ. ಹಾಕಿದೆ.

ಆಗ ಆದ ತಪ್ಪು ಇದು. ಸಾಲು ಶುರುವಾದ ಕೂಡಲೇ ಆ 17 ಕೆಲಸಗಳೂ ಒಂದರ ಹಿಂದೆ ಒಂದು ಹೊರಗೆ ಬರತೊಡಗಿದವು. 60 ಪುಟದ ಒಂದೇ ರಿಪೋರ್ಟ್ ಮೂರು ಸಲ ಇತ್ತು. ಓಡಿ ಹೋಗಿ ಪ್ರಿಂಟರ್ ಸ್ವಿಚ್ ತೆಗೆಯುವ ಮನಸ್ಸಾಯಿತು. ಆದರೆ ಹಾಗೆ ಮಾಡಿದರೆ ಮತ್ತೆ ಕೆಲಸ ಕೆಟ್ಟು ಮತ್ತೆ ಸಾಲು ಬಂದ್. ಕೂತಲ್ಲಿಂದಲೇ 'ಕ್ಯಾನ್ಸಲ್ -ಎ' ಎಂದು ಬರೆದು ಪ್ರಿಂಟರ್ ಹೆಸರು ಕೊಟ್ಟೆ. ಸಾಲು ಪೂರ್ತಿ ಖಾಲಿ. ಅಷ್ಟರಲ್ಲಿ ನೂರರ ಹತ್ತಿರ ಹಾಳೆ ಹೋಗಿತ್ತು. ಈಗ ನನ್ನ ಕ್ರಮ ಬೇರೆ. ಮೊದಲು 'ಎಲ್‌ಪಿಸ್ಟ್ಯಾಟ್ -ಓ' ಹಾಕಿ ಸಾಲಿನಲ್ಲಿ ಏನೇನಿದೆ ಎಂದು ನೋಡುವುದು, ಬೇಡದ್ದನ್ನು ತೆಗೆಯುವುದು, ಆಮೇಲೆ ಎನೇಬಲ್.

ಹಳೆಯದನ್ನು ಅಳಿಸಿ ಹೊಸ ಹೆಸರು

ಭಾನುವಾರ ಅಂಗಡಿ ಅರ್ಧ ದಿನ. ಮಧ್ಯಾಹ್ನದ ನಂತರ ಕೂತೆ.

ಹಳೆಯ ಪ್ರಿಂಟರ್ ಹೆಸರುಗಳು ಉದ್ದುದ್ದ ಇದ್ದವು. ಅಂಗಡಿಯ ಹುಡುಗ ಯಾವಾಗಲೋ ಯುಎಸ್‌ಬಿ ವೈರ್ ತೆಗೆದು ಬೇರೆ ತೂತಿಗೆ ಹಾಕಿದ್ದನಂತೆ. ಅದೇ ಪ್ರಿಂಟರ್ ಕೊನೆಗೆ 2 ಅಂಟಿಸಿಕೊಂಡು ಇನ್ನೊಂದು ಸಲ ಪಟ್ಟಿಯಲ್ಲಿ ಸೇರಿತ್ತು. ಯಾವುದಕ್ಕೆ ಕಳಿಸಿದರೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. 'ಎಲ್‌ಪಿಅಡ್ಮಿನ್ -ಎಕ್ಸ್' ಹಾಕಿ ಎಲ್ಲವನ್ನೂ ಅಳಿಸಿದೆ. 'ಎಲ್‌ಪಿಇನ್ಫೋ -ವಿ' ಕೊಟ್ಟರೆ ಈಗ ಕೈಗೆ ಸಿಗುವ ಪ್ರಿಂಟರ್‌ಗಳ ವಿಳಾಸ ತೋರಿಸುತ್ತದೆ. 'ಎಲ್‌ಪಿಇನ್ಫೋ -ಎಂ' ಕೊಟ್ಟರೆ ಡ್ರೈವರ್‌ಗಳ ಪಟ್ಟಿ. ಅದು ಬಹಳ ಉದ್ದ, ಗ್ರೆಪ್ ಎಂಬ ಹುಡುಕುವ ಕಮಾಂಡ್ ಹಾಕಿ ಮಾಡೆಲ್ ನಂಬರ್ ಹುಡುಕಬೇಕು.

ಹೊಸ ಹೆಸರು ಕಪ್ಪು, ಬಣ್ಣ. ಹೆಸರಿನಲ್ಲಿ ಖಾಲಿ ಜಾಗ, ಓರೆಗೆರೆ, ಹ್ಯಾಶ್ ಚಿಹ್ನೆ ಇರಬಾರದು, ಅಷ್ಟೇ ನಿಯಮ. ಕಲರ್ ಪ್ರಿಂಟರ್‌ಗೆ ಡ್ರೈವರ್ ಬೇಕಾಗಲೇ ಇಲ್ಲ:

ಸುಡೊ ಎಲ್‌ಪಿಅಡ್ಮಿನ್ -ಪಿ ಬಣ್ಣ -ವಿ (ಪ್ರಿಂಟರ್‌ನ ಐಪಿಪಿ ವಿಳಾಸ) -ಎಂ ಎವ್ರಿವೇರ್ -ಇ

ಕೊನೆಯ ಇ ದೊಡ್ಡಕ್ಷರ. ಅದು ಇರುವ ಜಾಗವೂ ಮುಖ್ಯ. -ಪಿ ಆದ ಮೇಲೆ ಬಂದರೆ 'ಬಾಗಿಲೂ ತೆರೆ, ಬಡಿಸಲೂ ಶುರು ಮಾಡು' ಎಂದು ಅರ್ಥ. -ಪಿಗಿಂತ ಮೊದಲು ಬಂದರೆ 'ಸರ್ವರ್ ಜೊತೆ ಗುಟ್ಟಾಗಿ ಮಾತಾಡು', ಅಂದರೆ ಎನ್‌ಕ್ರಿಪ್ಶನ್ ಎಂದು ಅರ್ಥ. ನಾನು ಒಮ್ಮೆ ಮೊದಲೇ ಬರೆದು, ಪ್ರಿಂಟರ್ ಸೇರಿದರೂ ಯಾಕೆ ಡಿಸೇಬಲ್ಡ್ ಎನ್ನುತ್ತಿದೆ ಎಂದು ಅರ್ಧ ಗಂಟೆ ಹುಡುಕಿದ್ದೇನೆ.

ಎವ್ರಿವೇರ್ ಎಂದರೆ ಪ್ರಿಂಟರ್‌ನ ಹತ್ತಿರವೇ 'ನಿನಗೆ ಏನೇನು ಬರುತ್ತದೆ' ಎಂದು ಕೇಳಿ ತಿಳಿದುಕೊಳ್ಳುವುದು. ಪ್ರಿಂಟರ್‌ಗೆ ಐಪಿಪಿ ಎಂಬ ಭಾಷೆ ಗೊತ್ತಿರಬೇಕು. ಈಚಿನ ವೈಫೈ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿದೆ. ಹಳೆಯ ಯುಎಸ್‌ಬಿ ಲೇಸರ್‌ಗೆ ಗೊತ್ತಿರಲಿಲ್ಲ, ಅದಕ್ಕೆ ಪಟ್ಟಿಯಿಂದಲೇ ಡ್ರೈವರ್ ಆರಿಸಿ ಕೊಟ್ಟೆ.

ಕಲರ್ ಪ್ರಿಂಟರ್‌ನದ್ದು ಇನ್ನೊಂದು ರಗಳೆ. ಕರೆಂಟ್ ಹೋಗಿ ಬಂದಾಗಲೆಲ್ಲ ವೈಫೈ ರೌಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಡುತ್ತಿತ್ತು. ಕಪ್ಸ್ ಹಳೆಯ ವಿಳಾಸದಲ್ಲೇ ಕಾಯುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ರೌಟರ್‌ನ ಸೆಟ್ಟಿಂಗ್‌ನಲ್ಲಿ ಆ ಪ್ರಿಂಟರ್‌ಗೆ ಒಂದೇ ವಿಳಾಸ ಕಾದಿರಿಸಿದೆ. ಎರಡು ನಿಮಿಷದ ಕೆಲಸ. ಎರಡು ವರ್ಷದಿಂದ 'ಕಲರ್ ಕೆಲವೊಮ್ಮೆ ಬರುದಿಲ್ಲ' ಎನ್ನುತ್ತಿದ್ದ ದೂರು ಅಲ್ಲಿಗೆ ನಿಂತಿತು.

ಎ4

ಲೇಸರ್‌ಗೆ ಒಂದು ಟೆಸ್ಟ್ ಪುಟ ಕಳಿಸಿದೆ. ದೀಪ ಮಿಣುಕಿತು, ಹಾಳೆ ಬರಲಿಲ್ಲ. 'ಎಲ್‌ಪಿಆಪ್ಷನ್ಸ್ -ಪಿ ಕಪ್ಪು -ಎಲ್' ಹೊಡೆದು ನೋಡಿದೆ. ಪ್ರಿಂಟರ್‌ನ ಎಲ್ಲ ಆಯ್ಕೆಗಳೂ ಬರುತ್ತವೆ, ಈಗ ಇರುವುದರ ಪಕ್ಕ ನಕ್ಷತ್ರ ಚಿಹ್ನೆ ಇರುತ್ತದೆ. ನಕ್ಷತ್ರ 'ಲೆಟರ್' ಮೇಲಿತ್ತು. ಅದು ಅಮೆರಿಕದ ಅಳತೆ, 216 ಮಿಲಿಮೀಟರ್ ಅಗಲ, 279 ಎತ್ತರ. ನಮ್ಮ ಎ4 210 ಅಗಲ, 297 ಎತ್ತರ. ಟ್ರೇಯಲ್ಲಿ ಎ4 ಇಟ್ಟರೆ ಪ್ರಿಂಟರ್ ಲೆಟರ್ ಬರಲಿ ಎಂದು ಕಾಯುತ್ತದೆ. ಕಾಯದ ಪ್ರಿಂಟರ್ ಆದರೆ ಕೆಳಗಿನ ಎರಡು ಸಾಲು ಕತ್ತರಿಸಿ ಹೋಗುತ್ತದೆ.

ಸುಡೊ ಎಲ್‌ಪಿಅಡ್ಮಿನ್ -ಪಿ ಕಪ್ಪು -ಓ ಪೇಜ್‌ಸೈಜ್=ಎ4

ಪೇಜ್‌ಸೈಜ್‌ನಲ್ಲಿ ಪಿ, ಎಸ್ ಎರಡೂ ದೊಡ್ಡಕ್ಷರ, ಎ4ರ ಎ ಕೂಡ. ಇದನ್ನು ಎಲ್‌ಪಿಆಪ್ಷನ್ಸ್‌ನಲ್ಲೂ ಮಾಡಬಹುದು. ಆದರೆ ಸುಡೊ ಇಲ್ಲದೆ ಮಾಡಿದರೆ ನಿಮ್ಮೊಬ್ಬರ ಲೆಕ್ಕಕ್ಕೆ ಮಾತ್ರ ಉಳಿಯುತ್ತದೆ. ಎಲ್‌ಪಿಅಡ್ಮಿನ್‌ನಲ್ಲಿ ಮಾಡಿದರೆ ಎಲ್ಲರಿಗೂ.

ಒತ್ತಕ್ಷರ ಬೇರೆ ಬೇರೆ ಬಿದ್ದದ್ದು

ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದು ಇದು, ಮನಸ್ಸಿಗೆ ಹತ್ತಿರವಾದದ್ದೂ ಇದೇ. ಪಕ್ಕದ ಭಜನಾ ಮಂಡಳಿಯವರು ಕಾರ್ಯಕ್ರಮದ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಫೈಲ್ ಮಾಡಿ ಕಳಿಸಿದ್ದರು. ಪ್ರಿಂಟ್‌ಗೆ ಕಳಿಸುವ ಕಮಾಂಡ್ ಆದ ಎಲ್‌ಪಿಗೆ ನೇರವಾಗಿ ಕೊಟ್ಟೆ. 'ಶ್ರೀ ಕೃಷ್ಣ' ಎನ್ನುವುದು ಶ, ಅರ್ಧಾಕ್ಷರದ ಚಿಹ್ನೆ, ರ ಎಂದು ಬಿಡಿಬಿಡಿಯಾಗಿ ಬಂತು. ಒತ್ತಕ್ಷರ ಯಾವುದೂ ಕೆಳಗೆ ಕೂತಿರಲಿಲ್ಲ.

ಕಾರಣ ಸರಳ. ಟೆಕ್ಸ್ಟ್ ಫೈಲ್ ಕೊಟ್ಟಾಗ ಕಪ್ಸ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಚೌಕಗಳಲ್ಲಿ ಇಡುತ್ತಾ ಹೋಗುತ್ತದೆ. ಇಂಗ್ಲಿಷ್‌ಗೆ ಅಷ್ಟು ಸಾಕು. ಕನ್ನಡದಲ್ಲಿ ಅಕ್ಷರಗಳು ಕೂಡಿಕೊಳ್ಳಬೇಕು, ಕೆಳಗೆ ಇಳಿಯಬೇಕು, ರೂಪ ಬದಲಿಸಬೇಕು. ಆ ಜೋಡಣೆ ಮಾಡುವವರು ಬೇರೆಯೇ ಬೇಕು. ಪ್ಯಾಪ್ಸ್ ಎಂಬ ಪುಟ್ಟ ಪ್ರೋಗ್ರಾಂ ಅದನ್ನು ಮಾಡುತ್ತದೆ. ಅದು ಪ್ಯಾಂಗೋ ಎಂಬ ಅಕ್ಷರ ಜೋಡಿಸುವ ಲೈಬ್ರರಿಯನ್ನು ಬಳಸುತ್ತದೆ.

ಪ್ಯಾಪ್ಸ್ ಪಟ್ಟಿ.ಟಿಎಕ್ಸ್‌ಟಿ | ಎಲ್‌ಪಿ -ಡಿ ಕಪ್ಪು

ಶ್ರೀ ಕೃಷ್ಣ ಸರಿಯಾಗಿ ಬಂದ. ವರ್ಡ್ ಫೈಲ್ ಆದರೆ ಲಿಬ್ರೆಆಫೀಸನ್ನು ಪರದೆ ಇಲ್ಲದೆಯೇ ಓಡಿಸಿ ಪಿಡಿಎಫ್ ಮಾಡಿಕೊಳ್ಳಬಹುದು: 'ಸಾಫಿಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್', ಮುಂದೆ ಫೈಲ್ ಹೆಸರು. ಪೆಟ್ಟಿಗೆಯಲ್ಲಿ ಕನ್ನಡ ಫಾಂಟ್ ಇದೆಯೋ ಎಂದು ನೋಡಲು 'ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್'. ನಮ್ಮಲ್ಲಿ ಲೋಹಿತ್ ಇತ್ತು. ಗುಬ್ಬಿ, ನವಿಲು ಎರಡನ್ನೂ ಹಾಕಿಕೊಂಡೆ. ಆಮಂತ್ರಣ ಪತ್ರಿಕೆಗೆ ನವಿಲು ಚೆನ್ನಾಗಿ ಕಾಣುತ್ತದೆ ಎಂದು ನನ್ನ ಅಭಿಪ್ರಾಯ.

ಗಿರಾಕಿಗಳು ತರುವ ಪಿಡಿಎಫ್‌ನಲ್ಲೂ ಒಂದು ಹೊಂಡ ಇದೆ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಮಾಡಿದ ಕಡತಗಳು ಇನ್ನೂ ಬೇಕಾದಷ್ಟು ಬರುತ್ತವೆ. ಫಾಂಟ್ ಪಿಡಿಎಫ್‌ನ ಒಳಗೇ ಸೇರಿದ್ದರೆ ತೊಂದರೆ ಇಲ್ಲ. ಸೇರದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 'ಪಿಡಿಎಫ್‌ಫಾಂಟ್ಸ್' ಎಂದು ಬರೆದು ಫೈಲ್ ಹೆಸರು ಕೊಟ್ಟರೆ 'ಎಂಬ್' ಎಂಬ ಕಾಲಂನಲ್ಲಿ 'ಎಸ್' ಅಥವಾ 'ನೋ' ಬರುತ್ತದೆ. 'ನೋ' ಇದ್ದರೆ ಪ್ರಿಂಟ್ ಹೊಡೆಯುವ ಮೊದಲೇ ಗಿರಾಕಿಗೆ ಹೇಳಿಬಿಡುವುದು ಒಳ್ಳೆಯದು. ಮದುವೆ ಕಾಗದ 200 ಪ್ರತಿ ಆದ ಮೇಲೆ ಗೊತ್ತಾದರೆ ಎಂತ ಮಾಡುವುದು?

ಒಂದೇ ಪ್ರಿಂಟರ್, ಎರಡು ಸಾಲು

17 ಕೆಲಸದ ಕಥೆ ಮತ್ತೆ ಆಗಬಾರದು. ಮಕ್ಕಳು ಫೋನ್‌ನಿಂದ ಪ್ರಿಂಟ್ ಒತ್ತಲಿ, ಆದರೆ ಚಿಕ್ಕಮ್ಮ ನೋಡಿ ಬಿಡುವವರೆಗೆ ಹಾಳೆ ಬರಬಾರದು. ಅಂಗಡಿಯವರ ಕೆಲಸ ಮಾತ್ರ ನೇರವಾಗಿ ಹೋಗಬೇಕು. ಇದಕ್ಕೆ ಎರಡು ಪ್ರಿಂಟರ್ ಬೇಕಾಗಿಲ್ಲ. ಒಂದೇ ಪ್ರಿಂಟರ್‌ನ ವಿಳಾಸಕ್ಕೆ ಎರಡು ಸಾಲು ಕಟ್ಟಬಹುದು. ಸಾಲು ಬೇರೆ, ಪ್ರಿಂಟರ್ ಬೇರೆ ಎಂದು ಮೊದಲ ಸಂಜೆ ತಿಳಿದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಅದೇ ಲೇಸರ್‌ಗೆ 'ಗಿರಾಕಿ' ಎಂಬ ಇನ್ನೊಂದು ಸಾಲು ಮಾಡಿ, ಹೀಗೆ ಹೇಳಿದೆ:

ಸುಡೊ ಎಲ್‌ಪಿಅಡ್ಮಿನ್ -ಪಿ ಗಿರಾಕಿ -ಓ ಜಾಬ್-ಹೋಲ್ಡ್-ಅಂಟಿಲ್-ಡೀಫಾಲ್ಟ್=ಇಂಡೆಫಿನಿಟ್

ಈ ಸಾಲಿಗೆ ಬಂದ ಪ್ರತಿ ಕೆಲಸವೂ ಬಂದಲ್ಲೇ ನಿಲ್ಲುತ್ತದೆ. ಆಮೇಲೆ 'ಪ್ರಿಂಟರ್-ಈಸ್-ಶೇರ್ಡ್' ಎಂಬುದನ್ನು ಗಿರಾಕಿಗೆ 'ಟ್ರೂ', ಕಪ್ಪುವಿಗೆ 'ಫಾಲ್ಸ್' ಮಾಡಿದೆ. 'ಕಪ್ಸ್‌ಸಿಟಿಎಲ್ --ಶೇರ್-ಪ್ರಿಂಟರ್ಸ್' ಕೂಡ ಬೇಕು. ಅವಾಹಿ ಎಂಬ ಸೇವೆ ನಡೆಯುತ್ತಿದ್ದರೆ ಅಂಗಡಿಯ ವೈಫೈಯಲ್ಲಿರುವ ಫೋನ್‌ಗಳಿಗೆ ಗಿರಾಕಿ ತಾನಾಗಿ ಕಾಣುತ್ತದೆ.

ಇನ್ನು ಕಪ್ಪು ಸಾಲಿಗೆ ಲ್ಯಾಪ್‌ಟಾಪ್‌ನಿಂದ ಕಳಿಸುವುದು ಹೇಗೆ? ಎಲ್‌ಪಿಗೆ ಫೈಲ್ ಹೆಸರು ಕೊಡದಿದ್ದರೆ ಪೈಪ್‌ನಲ್ಲಿ ಬಂದದ್ದನ್ನೇ ಪ್ರಿಂಟ್ ಮಾಡುತ್ತದೆ. ಹಾಗಾಗಿ ಇಷ್ಟು ಸಾಕು ('ಅಂಗಡಿ' ಎಂದರೆ ಆ ಹಳೆಯ ಪೆಟ್ಟಿಗೆಯ ಹೆಸರು):

ಎಸ್‌ಎಸ್‌ಎಚ್ ಅಂಗಡಿ ಎಲ್‌ಪಿ -ಡಿ ಕಪ್ಪು < ರಿಪೋರ್ಟ್.ಪಿಡಿಎಫ್

ಚಿಕ್ಕಮ್ಮ ಇಷ್ಟುದ್ದ ಹೊಡೆಯಬೇಕು ಎಂದರೆ ನ್ಯಾಯವಲ್ಲ. ನಾಲ್ಕು ಪುಟ್ಟ ಸ್ಕ್ರಿಪ್ಟ್ ಬರೆದೆ. ಹೆಸರು ಕನ್ನಡದ್ದೇ, ಅಕ್ಷರ ಮಾತ್ರ ಇಂಗ್ಲಿಷ್. 'ಸಾಲು' ಎಂದರೆ ಎಲ್‌ಪಿಕ್ಯೂ -ಎ, ಕಾಯುತ್ತಿರುವ ಕೆಲಸ ಮತ್ತು ಕಡತದ ಹೆಸರು ಕಾಣುತ್ತದೆ. 'ಬಿಡು 212' ಎಂದರೆ ಎಲ್‌ಪಿ -ಐ 212 -ಎಚ್ ರೆಸ್ಯೂಮ್, ಎಚ್ ದೊಡ್ಡಕ್ಷರ. 'ಬೇಡ 212' ಎಂದರೆ ಕ್ಯಾನ್ಸಲ್. 'ಕಳಿಸು' ಎಂದರೆ ಮೇಲಿನ ಎಸ್‌ಎಸ್‌ಎಚ್ ಸಾಲು. ಕೆಲಸದ ನಂಬರ್ ಎಲ್ಲ ಸಾಲುಗಳಿಗೂ ಸೇರಿ ಒಂದೇ ಕ್ರಮದಲ್ಲಿ ಓಡುವುದರಿಂದ ಪ್ರಿಂಟರ್ ಹೆಸರು ಹೇಳಬೇಕಾಗಿಲ್ಲ.

ಬೇರೆಯವರ ಕೆಲಸವನ್ನು ಬಿಡಲು, ತೆಗೆಯಲು ಅನುಮತಿ ಬೇಕು. ಚಿಕ್ಕಮ್ಮನ ಲಾಗಿನ್ ಅನ್ನು ಎಲ್‌ಪಿಅಡ್ಮಿನ್ ಎಂಬ ಗುಂಪಿಗೆ ಸೇರಿಸಿದೆ.

ಅವರಿಗೆ ತುಂಬಾ ಖುಷಿ ಕೊಟ್ಟದ್ದು ಎಲ್‌ಪಿಮೂವ್. ಲೇಸರ್‌ನ ಟೋನರ್ ಮುಗಿದರೆ 'ಎಲ್‌ಪಿಮೂವ್ 212 ಬಣ್ಣ', ಕೆಲಸ ಇನ್ನೊಂದು ಪ್ರಿಂಟರ್‌ಗೆ ಹೋಗಿ ಕೂರುತ್ತದೆ. ಗಿರಾಕಿ ಮತ್ತೆ ಕಳಿಸಬೇಕಾಗಿಲ್ಲ. ಕಪ್ಸ್ ಮೂಲ ಕಡತವನ್ನೇ ಇಟ್ಟುಕೊಂಡು ಪ್ರಿಂಟ್ ಮಾಡುವ ಹೊತ್ತಿಗೆ ಆ ಪ್ರಿಂಟರ್‌ನ ಭಾಷೆಗೆ ಬದಲಿಸುವುದರಿಂದ ಇದು ಸಾಧ್ಯ.

ಬಿಟ್ಟು ಹೋದ ಆಧಾರ್ ಪ್ರತಿಗಳು

ಕಪ್ಸ್ ಪ್ರಿಂಟ್ ಕೆಲಸಗಳನ್ನು ಇಡುವ ಸ್ಪೂಲ್ ಫೋಲ್ಡರ್ ಒಳಗೆ ಇಣುಕಿ ನೋಡಿದೆ. ಸಿ ಅಕ್ಷರದಿಂದ ಶುರುವಾಗುವ ಫೈಲ್‌ಗಳಲ್ಲಿ ಕೆಲಸದ ವಿವರ, ಡಿ ಅಕ್ಷರದ ಫೈಲ್‌ಗಳಲ್ಲಿ ಕಡತವೇ. ಹಿಂದಿನ ದಿನ ಪ್ರಿಂಟ್ ಮಾಡಿಸಿದವರ ಆಧಾರ್, ಮಾರ್ಕ್ಸ್ ಕಾರ್ಡ್, ಬಾಡಿಗೆ ಕರಾರು ಎಲ್ಲ ಅಲ್ಲಿದ್ದವು. ಯಾರೂ ಕದ್ದದ್ದಲ್ಲ. ಮುಗಿದ ಕೆಲಸದ ಕಡತವನ್ನು ಒಂದು ದಿನ, ಅಂದರೆ 86400 ಸೆಕೆಂಡ್ ಇಟ್ಟುಕೊಳ್ಳುವುದು ಕಪ್ಸ್‌ನ ಪದ್ಧತಿ. ಮನೆಯಲ್ಲಿ ಅದು ಅನುಕೂಲ. ಹತ್ತಾರು ಜನ ಬಂದು ಹೋಗುವ ಅಂಗಡಿಯಲ್ಲಿ ಅದು ಸರಿಯಲ್ಲ. ನಂಬಿ ಕೊಟ್ಟ ಕಾಗದ, ಕೆಲಸ ಮುಗಿದ ಮೇಲೆ ನಮ್ಮ ಹತ್ತಿರ ಇರಬಾರದು.

ಕಪ್ಸ್‌ನ ಸೆಟ್ಟಿಂಗ್ ಇರುವ ಕಪ್ಸ್‌ಡಿ.ಕಾನ್ಫ್ ಫೈಲ್‌ನಲ್ಲಿ 'ಪ್ರಿಸರ್ವ್‌ಜಾಬ್‌ಫೈಲ್ಸ್ ನೋ' ಎಂದು ಬರೆದೆ. ಹಾಳೆ ಹೊರಗೆ ಬಂದ ಕೂಡಲೇ ಕಡತ ಹೋಗುತ್ತದೆ. ತಡೆದಿಟ್ಟ ಕೆಲಸ ಬಿಡಿಸಿಕೊಳ್ಳದೆ ಹೋದವರದ್ದು? ಅದಕ್ಕೆ 'ಮ್ಯಾಕ್ಸ್‌ಹೋಲ್ಡ್‌ಟೈಮ್ 14400'. ನಾಲ್ಕು ಗಂಟೆ ಕಾದು ತಾನಾಗಿ ರದ್ದಾಗುತ್ತದೆ. ಅದೇ ಫೈಲ್‌ನಲ್ಲಿ 'ಪೇಜ್‌ಲಾಗ್‌ಫಾರ್ಮ್ಯಾಟ್' ಕೂಡ ಹಾಕಿದೆ. ಅದು ಖಾಲಿ ಇದ್ದ ಕಾರಣ ಪುಟದ ಲೆಕ್ಕ ಎಲ್ಲೂ ಸೇರುತ್ತಿರಲಿಲ್ಲ. ಈಗ ಯಾವ ಸಾಲಿನಿಂದ ಯಾವಾಗ ಎಷ್ಟು ಪುಟ ಹೋಯಿತು ಎಂದು ಬರುತ್ತದೆ. ಕಡತ ಉಳಿಯದಿದ್ದರೂ ಲೆಕ್ಕ ಉಳಿಯುತ್ತದೆ. ಕೊನೆಗೆ ಕಪ್ಸ್ ರೀಸ್ಟಾರ್ಟ್.

ಮಳೆ ಹಿಡಿದ ಮೇಲೆ

ಜೂನ್‌ನಲ್ಲಿ ಮಳೆ ಕೂತೇ ಬಿಟ್ಟಿತು. ಕರಾವಳಿಯ ಮಳೆಗಾಲದಲ್ಲಿ ಕಾಗದ ನೀರು ಕುಡಿಯುತ್ತದೆ. ಲೇಸರ್‌ನ ಬಿಸಿಗೆ ಹಾಳೆ ಸುರುಳಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಕಮಾಂಡ್ ಇಲ್ಲ. ಚಿಕ್ಕಮ್ಮ ಮನೆಯಿಂದ ಹಲಸಿನ ಹಪ್ಪಳ ಇಡುವ ದೊಡ್ಡ ಡಬ್ಬಿ ತಂದು ಬಿಚ್ಚಿದ ಕಾಗದದ ಕಟ್ಟನ್ನು ಅದರಲ್ಲಿ ಇಡತೊಡಗಿದರು. ಟ್ರೇಯಲ್ಲಿ ಒಂದು ಸಲಕ್ಕೆ 50 ಹಾಳೆ ಮಾತ್ರ. ಸಿಕ್ಕಿಕೊಳ್ಳುವುದು ಬಹಳ ಕಡಿಮೆಯಾಯಿತು.

ಕರೆಂಟ್ ಹೋದಾಗ ಸಾಲು ಬಂದ್ ಆಗುವುದನ್ನು ತಪ್ಪಿಸಲು 'ಪ್ರಿಂಟರ್-ಎರರ್-ಪಾಲಿಸಿ' ಬದಲಿಸಬೇಕಿತ್ತು. ಮೊದಲು 'ರಿಟ್ರೈ-ಜಾಬ್' ಹಾಕಿದೆ. ಕೆಟ್ಟ ಕೆಲಸವನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊದಲಿನಿಂದ ಹೊಡೆಯುತ್ತದೆ. ಅರ್ಧ ಆಗಿದ್ದ 40 ಪುಟದ ರಿಪೋರ್ಟ್, ಗಿರಾಕಿ ಹೋದ ಮೇಲೆ ಪೂರ್ತಿ ಬಂತು. ಅಂಗಡಿಗೆ ಇದು ಸರಿಹೊಂದುವುದಿಲ್ಲ. 'ಅಬಾರ್ಟ್-ಜಾಬ್' ಹಾಕಿದೆ. ಕೆಟ್ಟದ್ದು ಹೋಗುತ್ತದೆ, ಹಿಂದಿನದ್ದು ಮುಂದೆ ಬರುತ್ತದೆ, ಸಾಲು ನಿಲ್ಲುವುದಿಲ್ಲ. ಗಿರಾಕಿ ಎದುರಿಗೇ ಇರುತ್ತಾರೆ, ಇನ್ನೊಮ್ಮೆ ಕಳಿಸಿದರಾಯಿತು. ಲ್ಯಾಪ್‌ಟಾಪ್‌ನಲ್ಲಿರುವ ಫೈಲ್ ಆದರೆ ಉಳಿದ ಪುಟ ಮಾತ್ರ ಸಾಕು: ಎಲ್‌ಪಿಗೆ '-ಪಿ 23-60' ಎಂದು ಸೇರಿಸಿದರೆ 23ನೇ ಪುಟದಿಂದ ಶುರು. ಈ ಪಿ ದೊಡ್ಡಕ್ಷರ.

ಮೊನ್ನೆ ಸಂಜೆ ಮತ್ತೆ ಕರೆಂಟ್ ಹೋಗಿ ಬಂತು. ನಾನು ಮಂಗಳೂರಿನಲ್ಲಿದ್ದೆ. ಫೋನ್ ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ರಾತ್ರಿ ನಾನೇ ಮಾಡಿ ಕೇಳಿದೆ. "ಪೆಟ್ಟಿಗೆ ಆನ್ ಆಯ್ತು, ಸಾಲು ನೋಡಿದೆ. ಮೂರು ಇತ್ತು. ಒಂದು ಎರಡೆರಡು ಸಲ ಒತ್ತಿದ್ದು, ಅದನ್ನು ಬೇಡ ಮಾಡಿದೆ. ಉಳಿದದ್ದು ಬಿಟ್ಟೆ" ಎಂದರು. ಆಮೇಲೆ ಟೋನರ್ ಎಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಕೇಳಿದರು.